ಯುಸಿ ಅಡ್ಮಿಷನ್ ಬಂದ ಮೇಲೆ ಮಗನ ಗ್ರೇಡು ಇಳಿದಿದೆ. ಸೀಟು ವಾಪಸ್ ಹೋಗುತ್ತಾ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಮಗ ಹನ್ನೆರಡನೇ ಕ್ಲಾಸು. ಮಾರ್ಚ್‌ನಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಒಂದು ಕ್ಯಾಂಪಸ್‌ನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸಿಕ್ಕಿತು. ಹಾಸನದಲ್ಲಿ ಅತ್ತೆ, ಮಾವ ಬೀದಿಗೆಲ್ಲ ಪೇಡ ಹಂಚಿದರು. ಕಳೆದ ವಾರ ಸ್ಕೂಲಿನ ಪ್ರೋಗ್ರೆಸ್ ರಿಪೋರ್ಟ್ ನೋಡಿ ಎದೆ ಧಸಕ್ ಎಂದಿತು. ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ವಿಷಯ) ಫಿಸಿಕ್ಸ್ 67, ಅಂದರೆ ಡಿ ಪ್ಲಸ್. ಎಪಿ ಕ್ಯಾಲ್ಕುಲಸ್ ಸಿ ಮೈನಸ್. ಕಂಪ್ಯೂಟರ್ ಸೈನ್ಸ್ ಎಪಿ, ಇಂಗ್ಲಿಷ್, ಇಕನಾಮಿಕ್ಸ್ ಮೂರೂ ಬಿ. ಮೊದಲ ಸೆಮಿಸ್ಟರ್‌ನಲ್ಲಿ ಕ್ಯಾಲ್ಕುಲಸ್ ಸಿ, ಫಿಸಿಕ್ಸ್ ಬಿ, ಇಂಗ್ಲಿಷ್ ಬಿ, ಕಂಪ್ಯೂಟರ್ ಮತ್ತು ಗವರ್ನಮೆಂಟ್ ಎ ಇತ್ತು. ಜನವರಿಯಲ್ಲಿ ಎಪಿ ಸ್ಟ್ಯಾಟಿಸ್ಟಿಕ್ಸ್ ಬಿಟ್ಟಿದ್ದಾನೆ ಅನ್ನೋದೂ ಈಗಲೇ ಗೊತ್ತಾಗಿದ್ದು. ಕೇಳಿದರೆ "ಯುಸಿಯವರು ಹನ್ನೆರಡನೇ ಕ್ಲಾಸು ನೋಡೋದೇ ಇಲ್ಲ, ಸುಮ್ನಿರಮ್ಮ" ಅಂತಾನೆ. ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಒಂದು ಸಿ ಬಂದರೂ ಕ್ಯಾನ್ಸಲ್ ಅಂದರು. ಇನ್ನೊಬ್ಬರು ಎಪಿ ಪರೀಕ್ಷೆಯಲ್ಲಿ ಗರಿಷ್ಠ ಅಂಕ 5 ಬಂದರೆ ಏನೂ ಆಗಲ್ಲ ಅಂದರು. ಮತ್ತೊಬ್ಬರು ಇನ್ನೊಂದು ಕಾಲೇಜಿಗೂ ಡೆಪಾಸಿಟ್ ಕಟ್ಟಿಡಿ ಅಂದರು. ಮೊದಲು ರಾತ್ರಿ ಹನ್ನೆರಡರ ತನಕ ಓದುತ್ತಿದ್ದ ಹುಡುಗ ಈಗ ಸ್ಕೂಲಿನಿಂದ ಬಂದವನೇ ಮಲಗಿಬಿಡುತ್ತಾನೆ. ಅವನ ಅಪ್ಪನಿಗೆ ಇನ್ನೂ ಹೇಳಿಲ್ಲ. ಏನು ಮಾಡಲಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಇವತ್ತಿನ ಮಟ್ಟಿಗೆ ನಿಮ್ಮ ಮಗನ ಸೀಟು ಹೋಗಿಲ್ಲ. ಕ್ಯಾಲ್ಕುಲಸ್‌ನ ಸಿ ಮೈನಸ್‌ಗೆ ನೀವು ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ. ಫಿಸಿಕ್ಸ್‌ನ ಡಿ ಪ್ಲಸ್ ಹಾಗೇ ಉಳಿದರೆ ತೊಂದರೆ ಇದೆ. ಯಾರಿಗೂ ಹೇಳದೆ ಬಿಟ್ಟ ಸ್ಟ್ಯಾಟಿಸ್ಟಿಕ್ಸ್ ಇದೆಯಲ್ಲ, ನನಗೆ ಅದರ ಚಿಂತೆ ಇನ್ನೂ ಜಾಸ್ತಿ. ಒಳ್ಳೆಯ ಮಾತು ಏನೆಂದರೆ ಈಗಿನ್ನೂ ಏಪ್ರಿಲ್. ಇದೇ ಪತ್ರ ಜುಲೈನಲ್ಲಿ ಬಂದಿದ್ದರೆ ನಾನು ಬೇರೆ ಥರದ ಉತ್ತರ ಬರೆಯಬೇಕಾಗುತ್ತಿತ್ತು.

ಈ ಕಡೆಯ ಹೈಸ್ಕೂಲುಗಳಲ್ಲಿ ಕೌನ್ಸೆಲರ್ ಆಗಿ ನನಗೆ ಹದಿನೆಂಟು ವರ್ಷ ಆಯಿತು. ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಇಂಥ ನಾಲ್ಕಾರು ಮನೆಗಳ ಜೊತೆ ಕೂರುತ್ತೇನೆ. ನಮ್ಮ ಕನ್ನಡದ ಮನೆಗಳಲ್ಲಿ ಒಂದು ಗೊಂದಲ ಸಾಮಾನ್ಯ. ಊರಿನ ಲೆಕ್ಕ ನಮ್ಮ ತಲೆಯಲ್ಲಿ ಹಾಗೇ ಕೂತಿರುತ್ತದೆ. ಅಲ್ಲಿ ಪಿಯುಸಿ ಪರೀಕ್ಷೆ ಮುಗಿದು, ಸಿಇಟಿ ಬರೆದು, ಇಂಜಿನಿಯರಿಂಗ್‌ಗಾದರೆ ಎರಡರ ಅಂಕವನ್ನೂ ಅರ್ಧರ್ಧ ಸೇರಿಸಿ ರ‍್ಯಾಂಕ್ ಕೊಟ್ಟು, ಆಮೇಲೆ ಸೀಟು. ಸೀಟು ಬಂತು ಅಂದರೆ ಪರೀಕ್ಷೆಗಳೆಲ್ಲ ಮುಗಿದಿವೆ ಅಂತಲೇ ಅರ್ಥ. ಇಲ್ಲಿ ಅದು ತಿರುವುಮುರುವು. ಅರ್ಜಿ ನವೆಂಬರ್‌ನಲ್ಲಿ ಹೋಗುತ್ತದೆ, ಆಫರ್ ಮಾರ್ಚ್‌ನಲ್ಲಿ ಬರುತ್ತದೆ, ಕ್ಲಾಸು ಮುಗಿಯುವುದು ಜೂನ್‌ನಲ್ಲಿ. ಅಂದರೆ ಪೇಡ ಹಂಚಿದ ದಿನ ನಿಮ್ಮ ಮಗನಿಗೆ ಇನ್ನೂ ಎರಡೂವರೆ ತಿಂಗಳ ಪಾಠ ಬಾಕಿ ಇತ್ತು. ಇವನು ಇದೇ ರೀತಿ ಓದಿ ಮುಗಿಸುತ್ತಾನೆ ಅನ್ನೋ ನಂಬಿಕೆಯ ಮೇಲೆ ಕೊಟ್ಟ ಆಫರ್ ಅದು. ಅದರ ಜೊತೆ ಷರತ್ತುಗಳ ಒಂದು ಪಟ್ಟಿ ಇರುತ್ತದೆ. ಒಪ್ಪಿಗೆ ಕ್ಲಿಕ್ ಮಾಡುವಾಗ ಹುಡುಗರು ಅದನ್ನು ಓದುವುದಿಲ್ಲ. ತಂದೆತಾಯಿಗಂತೂ ಅದು ಕಣ್ಣಿಗೇ ಬೀಳುವುದಿಲ್ಲ.

ನಿಮ್ಮ ಮಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಯುಸಿ ಅರ್ಜಿಗೆ ಲೆಕ್ಕ ಹಾಕುವ ಜಿಪಿಎನಲ್ಲಿ, ಅಂದರೆ ಗ್ರೇಡುಗಳ ಸರಾಸರಿಯಲ್ಲಿ, ಒಂಬತ್ತನೇ ಕ್ಲಾಸು ಮುಗಿದ ಬೇಸಿಗೆಯಿಂದ ಹನ್ನೊಂದನೇ ಕ್ಲಾಸು ಮುಗಿದ ಬೇಸಿಗೆಯವರೆಗಿನ ಗ್ರೇಡು ಮಾತ್ರ ಬರುತ್ತದೆ. ಹನ್ನೆರಡನೆಯದು ಅದರಲ್ಲಿ ಸೇರುವುದಿಲ್ಲ. ಹುಡುಗರು ಇದನ್ನು ಒಬ್ಬರಿಗೊಬ್ಬರು ಹೇಳಿಕೊಂಡು ಅರ್ಧಕ್ಕೇ ನಿಲ್ಲಿಸುತ್ತಾರೆ. ಉಳಿದರ್ಧ ಷರತ್ತಿನ ಪಟ್ಟಿಯಲ್ಲಿದೆ. ಸಾಮಾನ್ಯವಾಗಿ ಅದರಲ್ಲಿರುವುದು ಇಷ್ಟು: ಹನ್ನೆರಡನೇ ಕ್ಲಾಸಿನ ಜಿಪಿಎ 3.0ಗಿಂತ ಕೆಳಗೆ ಹೋಗಬಾರದು. ಯಾವ ವಿಷಯದಲ್ಲೂ ಡಿ ಅಥವಾ ಎಫ್ ಬರಬಾರದು. ಅರ್ಜಿಯಲ್ಲಿ ಬರೆದ ವಿಷಯಗಳನ್ನೇ ಓದಿ ಮುಗಿಸಬೇಕು, ಬದಲಾದರೆ ತಿಳಿಸಬೇಕು. ಕೊನೆಯ ಟ್ರಾನ್ಸ್‌ಕ್ರಿಪ್ಟ್ (ಸ್ಕೂಲು ಕೊಡುವ ಅಧಿಕೃತ ಗ್ರೇಡು ಪಟ್ಟಿ) ಜುಲೈ 1ರ ಒಳಗೆ, ಎಪಿ ಅಂಕಗಳು ಜುಲೈ 15ರ ಒಳಗೆ ತಲುಪಬೇಕು. ಕ್ಯಾಂಪಸ್‌ನಿಂದ ಕ್ಯಾಂಪಸ್‌ಗೆ ಪದಗಳು ಸ್ವಲ್ಪ ಬದಲಾಗುತ್ತವೆ. ಆದ್ದರಿಂದ ಈ ಉತ್ತರ ಓದಿದ ಮೇಲೆ ನೀವು ಮೊದಲು ಮಾಡಬೇಕಾದ ಕೆಲಸ, ಮಗನ ಪಕ್ಕ ಕೂತು ಅವನ ಪೋರ್ಟಲ್ ತೆರೆಸಿ ಆ ಪಟ್ಟಿಯನ್ನು ಪ್ರಿಂಟ್ ತೆಗೆಯುವುದು. ನನ್ನ ಮಾತಿಗಿಂತ ಆ ಕಾಗದದ ಮಾತು ದೊಡ್ಡದು.

ಈಗ ನೀವು ಕಳಿಸಿದ ಗ್ರೇಡುಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಎಗೆ 4, ಬಿಗೆ 3, ಸಿಗೆ 2, ಡಿಗೆ 1. ಇಲ್ಲಿ ಒಂದು ವಿಷಯ ತಿಳಿದಿರಲಿ, ಯುಸಿ ಪ್ಲಸ್ಸು ಮೈನಸ್ಸು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಿ ಮೈನಸ್ ಅವರಿಗೆ ಸಿ. ಡಿ ಪ್ಲಸ್ ಅವರಿಗೆ ಬರೀ ಡಿ. ಮೊದಲ ಸೆಮಿಸ್ಟರ್‌ನ ಐದು ವಿಷಯ ಸೇರಿ 16. ಈಗಿನ ಸೆಮಿಸ್ಟರ್ ಹೀಗೇ ಮುಗಿದರೆ 12. ಒಟ್ಟು 28, ಹತ್ತರಿಂದ ಭಾಗಿಸಿದರೆ 2.8. ಅಂದರೆ 3.0ಗಿಂತ ಕೆಳಗೆ. ಆದರೆ ಎಪಿ ವಿಷಯಗಳಿಗೆ ಸಿ ಅಥವಾ ಅದಕ್ಕಿಂತ ಮೇಲೆ ಬಂದರೆ ಒಂದು ಪಾಯಿಂಟ್ ಹೆಚ್ಚಿಗೆ ಸಿಗುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ ಮೂರು ಎಪಿಗೂ ಸಿಗುತ್ತದೆ. ಈಗಿನದರಲ್ಲಿ ಕ್ಯಾಲ್ಕುಲಸ್, ಕಂಪ್ಯೂಟರ್ ಎರಡಕ್ಕೆ ಮಾತ್ರ, ಏಕೆಂದರೆ ಡಿ ಬಂದರೆ ಆ ಪಾಯಿಂಟ್ ಇಲ್ಲ. ಹಾಗೆ 33, ಅಂದರೆ 3.3. ನಿಮ್ಮ ಮಗನ ಪತ್ರದಲ್ಲಿ 'ವೆಯ್ಟೆಡ್' (ಎಪಿ ಪಾಯಿಂಟ್ ಸೇರಿಸಿದ) ಜಿಪಿಎ ಅಂತ ಇದೆಯೋ, 'ಅನ್‌ವೆಯ್ಟೆಡ್' ಅಂತ ಇದೆಯೋ ನೋಡಿ ಅನ್ನುವುದು ಇದಕ್ಕೇ. ಒಂದು ಪದದ ಮೇಲೆ 3.0 ದಾಟುವುದೋ ಬಿಡುವುದೋ ನಿಂತಿದೆ.

ಫಿಸಿಕ್ಸ್ ಒಂದನ್ನು ಡಿಯಿಂದ ಸಿಗೆ ತಂದರೆ ಏನಾಗುತ್ತದೆ ನೋಡಿ. ಗ್ರೇಡಿಗೆ ಒಂದು, ಎಪಿಗೆ ಒಂದು, ಎರಡು ಪಾಯಿಂಟ್ ಬರುತ್ತದೆ. ವೆಯ್ಟೆಡ್ 3.5 ಆಗುತ್ತದೆ. ಅದಕ್ಕಿಂತ ಮುಖ್ಯ, 'ಡಿ ಇರಬಾರದು' ಅನ್ನೋ ಷರತ್ತು ಮುರಿಯುವುದಿಲ್ಲ. ಅನ್‌ವೆಯ್ಟೆಡ್ ಮಾತ್ರ 2.9ರಲ್ಲೇ ನಿಲ್ಲುತ್ತದೆ. ಪತ್ರದಲ್ಲಿ ಅದೇ ಪದ ಇದ್ದರೆ ಮೂರು ಬಿಗಳಲ್ಲಿ ಒಂದನ್ನಾದರೂ ಎ ಮಾಡಬೇಕು. ಇಕನಾಮಿಕ್ಸ್‌ನಲ್ಲಿ ಅದು ಸುಲಭ ಇರಬಹುದು. ಶಕ್ತಿಯನ್ನೆಲ್ಲ ಎಲ್ಲಿ ಹಾಕಬೇಕು ಅಂತ ಹುಡುಗನಿಗೆ ಗೊತ್ತಾಗಬೇಕಾದರೆ ಈ ಲೆಕ್ಕವನ್ನು ಅವನೇ ಕಾಗದದ ಮೇಲೆ ಮಾಡಬೇಕು. ನೀವು ಮಾಡಿಕೊಡಬೇಡಿ.

ಈಗ ವಾಟ್ಸಾಪ್ ಗ್ರೂಪಿನ ಮಾತುಗಳಿಗೆ ಬರುತ್ತೇನೆ. ಒಂದು ಸಿ ಬಂದ ಕೂಡಲೇ ಯುಸಿ ಆಫರ್ ಕಿತ್ತುಕೊಳ್ಳುವುದಿಲ್ಲ. ಎಪಿ ಪರೀಕ್ಷೆಯ 5ಕ್ಕೂ ಸ್ಕೂಲಿನ ಡಿಗೂ ಸಂಬಂಧ ಇಲ್ಲ. ಮೇ ತಿಂಗಳ ಪರೀಕ್ಷೆಯಲ್ಲಿ 5 ಬಂದರೆ ಕಾಲೇಜಿನಲ್ಲಿ ಕ್ರೆಡಿಟ್ ಸಿಗಬಹುದು, ಸಂತೋಷ. ಟ್ರಾನ್ಸ್‌ಕ್ರಿಪ್ಟ್ ಮೇಲಿನ ಡಿ ಅಳಿಸುವುದಿಲ್ಲ. ಡೆಪಾಸಿಟ್ ಕಟ್ಟಿದ ಮೇಲೆ ಭದ್ರ ಅನ್ನೋದೂ ತಪ್ಪು. ದುಡ್ಡು ಕಟ್ಟಿದರೂ ಷರತ್ತು ಷರತ್ತೇ.

ಎರಡು ಕಡೆ ಡೆಪಾಸಿಟ್ ಕಟ್ಟುವ ಸಲಹೆ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೇ 1ರೊಳಗೆ ಒಂದು ಕಾಲೇಜಿಗೆ ಬರುತ್ತೇನೆ ಅಂತ ಮಾತು ಕೊಡುವುದು ಇಲ್ಲಿನ ಪದ್ಧತಿ. ಎರಡು ಕಡೆ ಮಾತು ಕೊಟ್ಟಿದ್ದು ಗೊತ್ತಾದರೆ ಎರಡೂ ಕಡೆಯವರು ಆಫರ್ ವಾಪಸ್ ತೆಗೆದುಕೊಳ್ಳಬಹುದು. ಅದೂ ಅಲ್ಲದೆ ನಿಮ್ಮ ಮಗ ಹಿಡಿದಿಟ್ಟ ಆ ಎರಡನೇ ಜಾಗಕ್ಕೆ ವೆಯ್ಟ್‌ಲಿಸ್ಟ್‌ನಲ್ಲಿ ಇನ್ನೊಂದು ಮಗು ಕಾಯುತ್ತಿರುತ್ತದೆ. ಇದನ್ನು ನಾನು ಯಾರಿಗೂ ಮಾಡಿ ಅಂದಿಲ್ಲ, ಅನ್ನುವುದೂ ಇಲ್ಲ.

ಹಾಗಾದರೆ ನಿಜವಾಗಿ ವಾಪಸ್ ತೆಗೆದುಕೊಳ್ಳುತ್ತಾರಾ? ತೆಗೆದುಕೊಳ್ಳುತ್ತಾರೆ. 2017ರ ಬೇಸಿಗೆಯನ್ನು ನಾವು ಕೌನ್ಸೆಲರ್‌ಗಳು ಯಾರೂ ಮರೆತಿಲ್ಲ. ಕ್ಲಾಸು ಶುರುವಾಗಲು ಎರಡು ತಿಂಗಳಿದೆ ಅನ್ನುವಾಗ ಯುಸಿ ಅರ್ವೈನ್ 499 ಹುಡುಗರ ಆಫರ್ ರದ್ದು ಮಾಡಿತು. ಅದರಲ್ಲಿ 290 ಜನರದ್ದು ಟ್ರಾನ್ಸ್‌ಕ್ರಿಪ್ಟ್ ತಲುಪಿಲ್ಲ, ತಡವಾಯಿತು ಅನ್ನೋ ಥರದ ಕಾರಣ. ಉಳಿದವರದ್ದು ಹನ್ನೆರಡನೇ ಕ್ಲಾಸಿನ ಗ್ರೇಡು. ಆ ವರ್ಷ ಅಂದುಕೊಂಡಿದ್ದಕ್ಕಿಂತ ಸುಮಾರು 850 ಜನ ಜಾಸ್ತಿ 'ಬರುತ್ತೇವೆ' ಅಂದಿದ್ದರು. ದೊಡ್ಡ ಗಲಾಟೆ ಆಯಿತು. ಚಾನ್ಸಲರ್ ಹೊವರ್ಡ್ ಗಿಲ್‌ಮನ್ ಕ್ಷಮೆ ಕೇಳಿ ಆಫರ್‌ಗಳನ್ನು ಮರಳಿ ಕೊಟ್ಟರು. ಆದರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲೇ ಗ್ರೇಡಿನ ಷರತ್ತು ಮುರಿದಿದ್ದು ಎದ್ದು ಕಾಣುತ್ತಿದ್ದವರಿಗೆ ಆ ರಿಯಾಯಿತಿ ಇರಲಿಲ್ಲ. ನಾನು ಆಗ ಕಲಿತಿದ್ದು ಇದು: ಹಿಂದಿನ ವರ್ಷ ಪಕ್ಕದ ಮನೆಯ ಹುಡುಗನಿಗೆ ಡಿ ಬಂದರೂ ನಡೆದಿರಬಹುದು. ಸೀಟುಗಳು ತುಂಬಿ ತುಳುಕುವ ವರ್ಷ ಅದೇ ಷರತ್ತನ್ನು ಅಕ್ಷರ ಬಿಡದೆ ಓದುತ್ತಾರೆ. ಈ ವರ್ಷ ಯಾವ ಥರದ್ದು ಅಂತ ಜುಲೈಗೆ ಮೊದಲು ಯಾರಿಗೂ ಗೊತ್ತಾಗುವುದಿಲ್ಲ.

ಖಾಸಗಿ ಕಾಲೇಜುಗಳ ರೀತಿ ಸ್ವಲ್ಪ ಬೇರೆ. ಕಾಮನ್ ಆ್ಯಪ್ (ಹಲವು ಕಾಲೇಜುಗಳಿಗೆ ಒಂದೇ ಅರ್ಜಿ) ಮೂಲಕ ಹೋದವರ ಬಗ್ಗೆ ಸ್ಕೂಲಿನಿಂದ ಕಾಲೇಜಿಗೆ ಫೆಬ್ರವರಿ ಹೊತ್ತಿಗೇ ಮಿಡ್‌ಇಯರ್ ರಿಪೋರ್ಟ್ ಹೋಗುತ್ತದೆ, ಕೊನೆಗೆ ಫೈನಲ್ ರಿಪೋರ್ಟ್. ಅಲ್ಲಿ ಎ ಇದ್ದದ್ದು ಸಿ ಆದರೆ ಬೇಸಿಗೆಯಲ್ಲಿ 'ಏನಾಯಿತು, ವಿವರಿಸಿ' ಅಂತ ಒಂದು ಪತ್ರ ಬರಬಹುದು. ಕೆಲವರು ಸೇರಿಸಿಕೊಂಡು ಮೊದಲ ಸೆಮಿಸ್ಟರ್ ಪ್ರೊಬೇಷನ್‌ನಲ್ಲಿ (ನಿಗಾದಲ್ಲಿ) ಇಡುತ್ತಾರೆ. ಮೆರಿಟ್ ಸ್ಕಾಲರ್‌ಶಿಪ್ ಇದ್ದವರಿಗೆ ಅಡ್ಮಿಷನ್ ಉಳಿದು ದುಡ್ಡು ಹೋಗುವ ಅಪಾಯವೂ ಇದೆ. ನಿಮಗೆ ಇದು ಬೇಕಾಗಿಲ್ಲ, ಓದುತ್ತಿರುವ ಬೇರೆಯವರಿಗೆ ಬೇಕಾಗಬಹುದು ಅಂತ ಬರೆದೆ.

ಸ್ಟ್ಯಾಟಿಸ್ಟಿಕ್ಸ್ ವಿಚಾರಕ್ಕೆ ಬರುತ್ತೇನೆ. ಯುಸಿ ಅರ್ಜಿ ಹಾಕುವಾಗ ಟ್ರಾನ್ಸ್‌ಕ್ರಿಪ್ಟ್ ಕೇಳುವುದಿಲ್ಲ. ಹುಡುಗ ತಾನೇ ಟೈಪ್ ಮಾಡಿದ ವಿಷಯ, ಗ್ರೇಡುಗಳನ್ನು ನಂಬಿ ಆಫರ್ ಕೊಡುತ್ತಾರೆ. ಜುಲೈನಲ್ಲಿ ನಿಜವಾದ ಟ್ರಾನ್ಸ್‌ಕ್ರಿಪ್ಟ್ ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ತಾಳೆ ನೋಡುತ್ತಾರೆ. ಅರ್ಜಿಯಲ್ಲಿ ಹನ್ನೆರಡನೇ ಕ್ಲಾಸಿಗೆ ಆರು ವಿಷಯ, ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಐದು ಅಂತಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಕ್ಯಾಲ್ಕುಲಸ್ ಮುಂದುವರಿಸಿರುವುದರಿಂದ ಇವನಿಗೆ ಗಣಿತದ ಕೊರತೆ ಏನಿಲ್ಲ. ಜನವರಿಯಲ್ಲೇ ತಿಳಿಸಿದ್ದರೆ ಬಹುಶಃ ಸರಿ ಅನ್ನುತ್ತಿದ್ದರು. ಈಗಲೂ ಅನ್ನುವ ಸಾಧ್ಯತೆ ಜಾಸ್ತಿ. ಜುಲೈನಲ್ಲಿ ಅವರೇ ಕಂಡುಹಿಡಿದರೆ ಮಾತ್ರ ಅದು ಮುಚ್ಚಿಟ್ಟ ಹಾಗೆ ಕಾಣುತ್ತದೆ. ಜೊತೆಗೆ ಒಂದು ಡಿ ಇದ್ದರಂತೂ ಎರಡೂ ಸೇರಿ ಭಾರ ಆಗುತ್ತದೆ.

ಆದ್ದರಿಂದ ಈ ವಾರವೇ ಬರೆಯಬೇಕು. ಯಾರು ಬರೆಯಬೇಕು? ಅವನೇ. ನೀವು ಬರೆದ ಪತ್ರ ಅಡ್ಮಿಷನ್ ಆಫೀಸಿನವರಿಗೆ ಓದಿದ ಕೂಡಲೇ ಗೊತ್ತಾಗುತ್ತದೆ. ಅವರು ಮಾತಾಡಲು ಬಯಸುವುದೂ ಹುಡುಗನ ಜೊತೆಗೇ. ಪೋರ್ಟಲ್‌ನಲ್ಲಿ ವಿಷಯ ಬದಲಾವಣೆ ತಿಳಿಸುವ ಫಾರ್ಮ್ ಇದ್ದರೆ ಅದರಲ್ಲೇ ಬರೆಯಲಿ. ಇಲ್ಲದಿದ್ದರೆ ಪತ್ರದಲ್ಲಿ ಕೊಟ್ಟ ವಿಳಾಸಕ್ಕೆ ಇಮೇಲ್. ನಾನು ಹುಡುಗರಿಗೆ ಹೇಳುವುದು ಎಂಟು ಸಾಲು ಸಾಕು ಅಂತ. ಜನವರಿಯಲ್ಲಿ ಎಪಿ ಸ್ಟ್ಯಾಟಿಸ್ಟಿಕ್ಸ್ ಬಿಟ್ಟೆ. ಅರ್ಜಿಯಲ್ಲಿ ಅದು ಇತ್ತು. ಆಗಲೇ ತಿಳಿಸಬೇಕಿತ್ತು, ತಿಳಿಸಲಿಲ್ಲ, ತಪ್ಪಾಯಿತು. ಬಿಟ್ಟಿದ್ದಕ್ಕೆ ಕಾರಣ ಇದು. ಕ್ಯಾಲ್ಕುಲಸ್, ಫಿಸಿಕ್ಸ್ ಮುಂದುವರಿಸಿದ್ದೇನೆ. ನನ್ನ ಆಫರ್‌ಗೆ ಇದರಿಂದ ತೊಂದರೆ ಇದ್ದರೆ ಏನು ಮಾಡಬೇಕು ತಿಳಿಸಿ. ಇಷ್ಟೇ. ಟೀಚರ್ ಸರಿ ಇಲ್ಲ, ಸ್ಕೂಲು ಸರಿ ಇಲ್ಲ ಅನ್ನೋದು ಬೇಡ. ಉತ್ತರ ಬಂದರೆ ಅದನ್ನು ಸೇವ್ ಮಾಡಿಡಿ, ಜುಲೈನಲ್ಲಿ ಬೇಕಾದೀತು.

ಇನ್ನೊಂದು ಸಣ್ಣ ವಿಷಯ, ಆದರೆ ಒಂದು ಮನೆಯಲ್ಲಿ ಇದರಿಂದಲೇ ಅನಾಹುತ ಆಗಿದ್ದು ನೋಡಿದ್ದೇನೆ. ಆ ಹುಡುಗ ಅರ್ಜಿಗೆ ಸ್ಕೂಲಿನ ಇಮೇಲ್ ಕೊಟ್ಟಿದ್ದ. ಜೂನ್‌ನಲ್ಲಿ ಗ್ರಾಜುಯೇಷನ್ ಆಗಿ ಕೆಲವೇ ದಿನದಲ್ಲಿ ಆ ಅಕೌಂಟ್ ಮುಚ್ಚಿತು. ಕಾಲೇಜು ವಿವರಣೆ ಕೇಳಿ ಬರೆದಿದ್ದು ಅಲ್ಲಿಗೇ. ಮೂರು ವಾರ ಕಳೆದು ಹಾಸ್ಟೆಲ್ ರೂಮು ಯಾಕೆ ಬಂದಿಲ್ಲ ಅಂತ ಪೋರ್ಟಲ್ ತೆರೆದಾಗಲೇ ಗೊತ್ತಾಗಿದ್ದು. ಅಷ್ಟರಲ್ಲಿ ಗಡುವು ದಾಟಿತ್ತು. ನಿಮ್ಮ ಮಗ ಯಾವ ಇಮೇಲ್ ಕೊಟ್ಟಿದ್ದಾನೆ ಇವತ್ತೇ ಕೇಳಿ. ಕಾಲೇಜಿನಿಂದ ಬರುವ ಯಾವುದೂ ನಿಮಗೆ ಬರುವುದಿಲ್ಲ, ಎಲ್ಲ ಅವನಿಗೇ.

ಫಿಸಿಕ್ಸ್‌ಗೆ ಏನು ಮಾಡುವುದು? ನಾನು ಇಂಥ ಹುಡುಗರ ಜೊತೆ ಕೂತಾಗ ಮೊದಲು ಕ್ಯಾನ್ವಾಸ್, ಅಂದರೆ ಸ್ಕೂಲಿನ ಗ್ರೇಡು ನೋಡುವ ಆ್ಯಪ್, ತೆರೆಸುತ್ತೇನೆ. ನಿಮ್ಮ ಸ್ಕೂಲು ಬೇರೆ ಆ್ಯಪ್ ಬಳಸುತ್ತಿದ್ದರೆ ಅದು. ಒಟ್ಟು 67 ಅನ್ನೋ ಅಂಕೆ ನೋಡಿ ಗಾಬರಿ ಆಗುವ ಬದಲು ಕೆಳಗಿನ ಸಾಲುಗಳನ್ನು ಒಂದೊಂದಾಗಿ ಓದಬೇಕು. ಹತ್ತರಲ್ಲಿ ಏಳೆಂಟು ಸಲ ಅಲ್ಲಿ ಕೆಂಪು ಅಕ್ಷರದಲ್ಲಿ 'ಮಿಸ್ಸಿಂಗ್' ಅಂತ ಎರಡು ಮೂರು ಕಡೆ ಇರುತ್ತದೆ. ಟೆಸ್ಟ್‌ಗಳಲ್ಲಿ 74, 78 ಇರುತ್ತದೆ. ಲ್ಯಾಬ್ ರಿಪೋರ್ಟ್ ಕೊಟ್ಟಿರುವುದಿಲ್ಲ, ಅಲ್ಲಿ ಸೊನ್ನೆ. ಒಂದು ಉದಾಹರಣೆ ಹೇಳುತ್ತೇನೆ. ಲ್ಯಾಬ್‌ಗೆ ಒಟ್ಟು ನೂರಕ್ಕೆ 20 ಇದ್ದು ಸೆಮಿಸ್ಟರ್‌ಗೆ ಹತ್ತು ಲ್ಯಾಬ್ ಅಂದುಕೊಳ್ಳಿ. ಒಂದೊಂದಕ್ಕೆ ಎರಡು ಅಂಕ. ಮೂರು ಕೊಡದಿದ್ದರೆ ಆರು ಅಂಕ ಹೋಯಿತು. ತಡವಾಗಿ ಕೊಟ್ಟು ಅರ್ಧ ಅಂಕ ಸಿಕ್ಕರೂ ಮೂರು ವಾಪಸ್ ಬರುತ್ತದೆ. 67 ಇದ್ದದ್ದು 70. ಹೆಚ್ಚಿನ ಸ್ಕೂಲುಗಳಲ್ಲಿ 70 ಅಂದರೆ ಸಿ ಮೈನಸ್, ಯುಸಿಗೆ ಅದು ಸಿ. ಅಡ್ಮಿಷನ್ ಉಳಿಯುವುದೋ ಹೋಗುವುದೋ ಅನ್ನೋ ದೊಡ್ಡ ಪ್ರಶ್ನೆ ಎಷ್ಟೋ ಸಲ ಮೂರು ಲ್ಯಾಬ್ ರಿಪೋರ್ಟ್‌ಗೆ ಬಂದು ನಿಲ್ಲುತ್ತದೆ.

ಇದಕ್ಕೆ ಅವನು ಟೀಚರ್ ಹತ್ತಿರ ಹೋಗಿ ಕೇಳಬೇಕು. ಊಟದ ಬಿಡುವಿನಲ್ಲೋ ಸ್ಕೂಲು ಬಿಟ್ಟ ಮೇಲೋ, ಮುಖಾಮುಖಿ. "ನನ್ನ ಗ್ರೇಡ್ ಜಾಸ್ತಿ ಮಾಡಿ" ಅಂದರೆ ಯಾವ ಟೀಚರಿಗೂ ಇಷ್ಟ ಆಗುವುದಿಲ್ಲ. "ಈ ಮೂರು ಲ್ಯಾಬ್ ನಾನು ಕೊಟ್ಟಿಲ್ಲ, ಈಗ ಮಾಡಿಕೊಟ್ಟರೆ ಎಷ್ಟು ಅಂಕ ಸಿಗುತ್ತೆ? ಜೂನ್ ಹೊತ್ತಿಗೆ ಸಿಗೆ ಬರಬೇಕಾದರೆ ಉಳಿದ ಟೆಸ್ಟ್‌ಗಳಲ್ಲಿ ಎಷ್ಟು ತೆಗೀಬೇಕು?" ಅಂದರೆ ಬಹಳಷ್ಟು ಜನ ಕೂತು ಹೇಳಿಕೊಡುತ್ತಾರೆ. ದಯವಿಟ್ಟು ನೀವು ಟೀಚರಿಗೆ ಇಮೇಲ್ ಮಾಡಿ ಸೀಟಿನ ಕಥೆ ಹೇಳಬೇಡಿ. ಅದು ಒತ್ತಡ ಹಾಕಿದ ಹಾಗೆ ಆಗುತ್ತದೆ, ಹುಡುಗನಿಗೂ ಮುಜುಗರ.

ಎರಡು ವಾರ ನೋಡಿ. ಟೀಚರ್ "ಸಿ ಬರುವುದು ಕಷ್ಟ" ಅಂದರೆ ಜೂನ್‌ವರೆಗೆ ಕಾಯಬೇಡಿ. ಆಗಲೇ ಕಾಲೇಜಿಗೆ ಎರಡನೇ ಪತ್ರ ಬರೆಯಲಿ: ಫಿಸಿಕ್ಸ್‌ನಲ್ಲಿ ಡಿ ಬರಬಹುದು, ಬೇಸಿಗೆಯಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜು) ಅದೇ ವಿಷಯ ಓದಿ ಸಿ ಅಥವಾ ಮೇಲೆ ತೆಗೆದರೆ ಒಪ್ಪುತ್ತೀರಾ ಅಂತ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗಿಗೆ ಕ್ಯಾಲ್ಕುಲಸ್‌ನಲ್ಲಿ ಡಿ ಬರುವುದು ಮೇ ತಿಂಗಳಲ್ಲೇ ಖಚಿತ ಆಗಿತ್ತು. ಅಮ್ಮನಿಗೆ ಆಪರೇಷನ್ ಆಗಿ ಮನೆ ಕೆಲಸ ಎಲ್ಲ ಅವಳ ಮೇಲೆ ಬಿದ್ದಿತ್ತು. ಬರೆಯಲು ಹೆದರುತ್ತಿದ್ದಳು. ನಾನೇ ಪಕ್ಕದಲ್ಲಿ ಕೂತೆ, ಅವಳೇ ಬರೆದಳು. ಬೇಸಿಗೆಯಲ್ಲಿ ಓದಿ ಪಾಸಾಗಿ ಅಂತ ಉತ್ತರ ಬಂತು. ಆರು ವಾರದ ಕ್ಲಾಸು, ದಿನಾ ಮೂರು ಗಂಟೆ. ಬಿ ತೆಗೆದಳು, ಸೆಪ್ಟೆಂಬರ್‌ನಲ್ಲಿ ಕಾಲೇಜಿಗೆ ಹೋದಳು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಮಾತು ಕೊಡಲಾರೆ. ಮೊದಲೇ ಹೇಳಿದವರಿಗೆ ದಾರಿ ತೋರಿಸಲು ಅವರಿಗೂ ಸಮಯ ಇರುತ್ತದೆ ಅನ್ನುವುದನ್ನು ಮಾತ್ರ ಮತ್ತೆ ಮತ್ತೆ ನೋಡಿದ್ದೇನೆ.

ಬೇಸಿಗೆ ಕ್ಲಾಸಿಗೆ ಖರ್ಚು ದೊಡ್ಡದಲ್ಲ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಇಲ್ಲಿನ ನಿವಾಸಿಗಳಿಗೆ ಯೂನಿಟ್‌ಗೆ (ಕೋರ್ಸಿನ ಗಾತ್ರದ ಅಳತೆ) 46 ಡಾಲರ್. ನಿಮ್ಮೂರಲ್ಲೇ ಓಲೋನಿ ಕಾಲೇಜು ಇದೆ. ಅಪಾಯ ಬೇರೆ ಕಡೆ ಇದೆ. ಕಾಲೇಜಿನ ಒಪ್ಪಿಗೆ ಬರಹದಲ್ಲಿ ಇಲ್ಲದೆ ಸುಮ್ನೆ ಓದಿಬಿಟ್ಟರೆ ಅವರು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರಬಹುದು. ಕ್ಯಾಲ್ಕುಲಸ್ ಸೇರಿಸಿ ಕಲಿಸುವ ಫಿಸಿಕ್ಸ್ ಆರು ಎಂಟು ವಾರದಲ್ಲಿ ಓಡುತ್ತದೆ, ಈಗಲೇ ಸುಸ್ತಾದ ಹುಡುಗನಿಗೆ ಅದು ಸುಲಭ ಅಲ್ಲ. ಇನ್ನು ಕೆಲವರು ಕೊಡುವ ಉಪಾಯ, ಈಗ ಫಿಸಿಕ್ಸನ್ನೂ ಬಿಟ್ಟುಬಿಡು, ಡಿ ಬರುವುದೇ ಇಲ್ಲ ಅಂತ. ಖಂಡಿತ ಬೇಡ. ಇಷ್ಟು ತಡವಾಗಿ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್ ಮೇಲೆ ಡಬ್ಲ್ಯೂ (ಅರ್ಧಕ್ಕೆ ಬಿಟ್ಟ ಗುರುತು) ಬರಬಹುದು, ಕೆಲವು ಸ್ಕೂಲುಗಳಲ್ಲಿ ಎಫ್ ಅಂತಲೇ ಹಾಕುತ್ತಾರೆ. ಇಂಜಿನಿಯರಿಂಗ್‌ಗೆ ಹೊರಟವನು ಹೇಳದೆ ಎರಡು ವಿಷಯ ಬಿಟ್ಟ ಹಾಗಾಗುತ್ತದೆ.

ಇಷ್ಟೆಲ್ಲ ಹೇಳಿದರೂ ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿದ್ದು ಗ್ರೇಡು ಅಲ್ಲ. ಸ್ಕೂಲಿನಿಂದ ಬಂದವನೇ ಮಲಗುತ್ತಾನೆ ಅಂದಿರಲ್ಲ, ಆ ಸಾಲು. ಇಲ್ಲಿ ಇದಕ್ಕೆ 'ಸೀನಿಯರೈಟಿಸ್' ಅಂತ ಹೆಸರಿಟ್ಟು ನಕ್ಕು ಬಿಡುತ್ತಾರೆ. ಸೋಮಾರಿತನ ಅಂದುಬಿಡುವುದು ಸುಲಭ. ಆದರೆ ಈ ಮಕ್ಕಳು ಆಗಸ್ಟ್‌ನಿಂದ ನವೆಂಬರ್‌ವರೆಗೆ ಹತ್ತು ಹನ್ನೆರಡು ಕಾಲೇಜಿಗೆ ಅರ್ಜಿ, ಒಂದೊಂದಕ್ಕೆ ಪ್ರಬಂಧ, ಮೇಲೆ ನಾಲ್ಕು ಎಪಿ, ಎಲ್ಲ ಹೊತ್ತಿರುತ್ತಾರೆ. ನಾಲ್ಕು ವರ್ಷ ಒಂದೇ ಗುರಿ. ಅದು ಮುಟ್ಟಿದ ದಿನ ಒಳಗಿನ ಹಗ್ಗ ಸಡಿಲ ಆಗುತ್ತದೆ. ಕೆಲವರಿಗೆ ಮನೆ ಬಿಟ್ಟು ಹೋಗುವ ಭಯ ಇರುತ್ತದೆ, ಹೇಳಿಕೊಳ್ಳುವುದಿಲ್ಲ. ಕೆಲವರಿಗೆ ಆ ಬ್ರಾಂಚೇ ಬೇಡವಾಗಿರುತ್ತದೆ. ಊರಲ್ಲಿ ಪೇಡ ಹಂಚಿಯಾದ ಮೇಲೆ ಅದನ್ನು ಬಾಯಿಬಿಟ್ಟು ಹೇಳುವುದು ಹದಿನೇಳರ ಹುಡುಗನಿಗೆ ಎಷ್ಟು ಕಷ್ಟ ಅಲ್ವಾ? ಇನ್ನು ಕೆಲವರಿಗೆ ನಿಜವಾಗಿಯೇ ಖಿನ್ನತೆ.

ಊಟ ಮಾಡುತ್ತಾನಾ? ಗೆಳೆಯರ ಜೊತೆ ಮಾತಾಡುತ್ತಾನಾ? ಮೊದಲು ಇಷ್ಟಪಟ್ಟು ಮಾಡುತ್ತಿದ್ದುದನ್ನು ಬಿಟ್ಟಿದ್ದಾನಾ? ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ದರೆ ಅವನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸ್ಕೂಲಿನ ಕೌನ್ಸೆಲರ್‌ಗೂ ಹೇಳಿ. ಬದುಕುವುದೇ ಬೇಡ ಅನ್ನುವಂಥ ಮಾತು ಒಂದು ಸಲ ಬಂದರೂ ಕಾಯಬೇಡಿ, ಆತ್ಮಹತ್ಯೆ ತಡೆ ಸಹಾಯವಾಣಿ 988ಗೆ ಫೋನ್ ಮಾಡಿ, ಅಮೆರಿಕದಲ್ಲಿ ಎಲ್ಲಿಂದಲಾದರೂ ಹಗಲು ರಾತ್ರಿ ಸಿಗುತ್ತದೆ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಗ್ರೇಡಿನ ಗಲಾಟೆಯಲ್ಲಿ ಇದು ಮರೆತುಹೋದ ಮನೆಗಳನ್ನು ಕಂಡಿದ್ದೇನೆ. ಆರೋಗ್ಯದ ಕಾರಣ ಇದ್ದರೆ ಅದನ್ನು ಕಾಲೇಜಿಗೆ ತಿಳಿಸುವುದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ. ಡಾಕ್ಟರ ಒಂದು ಪತ್ರ ಇದ್ದರೆ ಅವರು ನೋಡುವ ರೀತಿಯೇ ಬದಲಾಗುತ್ತದೆ.

ಎಲ್ಲ ಮಾಡಿಯೂ ಬೇಸಿಗೆಯಲ್ಲಿ ಆಫರ್ ರದ್ದಾದರೆ? ಆ ಪತ್ರದಲ್ಲೇ ಅಪೀಲಿಗೆ ದಾರಿ, ಗಡುವು ಇರುತ್ತದೆ. ಸಾಮಾನ್ಯವಾಗಿ ಒಂದೇ ಅವಕಾಶ. ಅಲ್ಲಿ ಅಳು ಕೆಲಸ ಮಾಡುವುದಿಲ್ಲ, ಅವರಿಗೆ ಗೊತ್ತಿಲ್ಲದ ಹೊಸ ವಿಷಯ ಮತ್ತು ಅದಕ್ಕೆ ಕಾಗದ ಬೇಕು. ಮೊದಲೇ ಬರೆದ ಆ ಎಂಟು ಸಾಲು ಆಗ ನಿಮ್ಮ ಕೈ ಹಿಡಿಯುತ್ತದೆ. ಅದೂ ಆಗದಿದ್ದರೆ ಓಲೋನಿ, ಕ್ಯುಪರ್ಟಿನೋದ ಡಿ ಆಂಜಾ ಥರದ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಯುಸಿಗೆ ವರ್ಗ ಆಗಬಹುದು. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕ್ಯಾಂಪಸ್‌ಗಳು ನಿಗದಿತ ಗ್ರೇಡು ಬಂದರೆ ಸೀಟು ಖಾತ್ರಿ ಅನ್ನೋ 'ಟ್ಯಾಗ್' ಒಪ್ಪಂದ ಕೊಡುತ್ತವೆ. ಇಂಜಿನಿಯರಿಂಗ್‌ನ ಕೆಲವು ಕೋರ್ಸುಗಳಿಗೆ ಕೆಲವು ಕಡೆ ಅದು ಇಲ್ಲ, ನೋಡಿಕೊಂಡು ಹೋಗಬೇಕು. ಒಂದು ವರ್ಷ ಬಿಟ್ಟು ಮತ್ತೆ ಮೊದಲಿನಿಂದ ಅರ್ಜಿ ಹಾಕುವುದೂ ಒಂದು ದಾರಿ. ಆದರೆ ಆ ವರ್ಷ ಸುಮ್ನೆ ಕೂರುವುದು ಯಾಕೆ ಅಂತ ಸೆಪ್ಟೆಂಬರ್‌ನಲ್ಲಿ ಕಮ್ಯುನಿಟಿ ಕಾಲೇಜಿಗೆ ಸೇರಿಸಿಬಿಡಬೇಡಿ. ಹೈಸ್ಕೂಲು ಮುಗಿದ ಮೇಲೆ ಬೇಸಿಗೆ ಕ್ಲಾಸು ಬಿಟ್ಟು ಮಾಮೂಲಿ ಸೆಮಿಸ್ಟರ್‌ಗೆ ಸೇರಿದರೆ ಯುಸಿ ಲೆಕ್ಕದಲ್ಲಿ ಅವನು ಹೊಸ ವಿದ್ಯಾರ್ಥಿ ಅಲ್ಲ, ಟ್ರಾನ್ಸ್‌ಫರ್ ವಿದ್ಯಾರ್ಥಿ. ಎರಡರಲ್ಲಿ ಒಂದು ದಾರಿ ಆರಿಸಿಕೊಳ್ಳಬೇಕು. ನೀವು ಇನ್ನೂ ಎಚ್-1ಬಿ ಕೆಲಸದ ವೀಸಾದಲ್ಲಿದ್ದು ಅವನು ಎಚ್-4 ಅವಲಂಬಿತರ ವೀಸಾದಲ್ಲಿದ್ದರೆ, ಆ ವೀಸಾ ಮುಗಿಯುವ 21 ತುಂಬುವ ದಿನವನ್ನೂ ಈ ಲೆಕ್ಕದಲ್ಲಿ ಇಟ್ಟುಕೊಳ್ಳಿ, ವೀಸಾ ವಕೀಲರನ್ನು ಒಂದು ಮಾತು ಕೇಳಿ.

ಕೊನೆಗೆ, ಅವನ ಅಪ್ಪನಿಗೆ ಹೇಳುವ ವಿಷಯ. ಹೇಳಲೇಬೇಕು, ಕಾಲೇಜಿಗೆ ಇಮೇಲ್ ಹೋಗುವ ಮೊದಲೇ. ಹೇಳುವವನು ಮಗನೇ ಆಗಲಿ, ನೀವು ಪಕ್ಕದಲ್ಲಿರಿ. ಅವರಿಗೆ ಸಿಟ್ಟು ಬರಬಹುದು. ಷರತ್ತಿನ ಪ್ರಿಂಟು, ಜಿಪಿಎ ಲೆಕ್ಕ ಹಾಕಿದ ಕಾಗದ, ಕ್ಯಾನ್ವಾಸ್‌ನಲ್ಲಿ ಕೊಡದೆ ಉಳಿದ ಕೆಲಸದ ಪಟ್ಟಿ, ಈ ಮೂರನ್ನೂ ಊಟದ ಮೇಜಿನ ಮೇಲೆ ಇಟ್ಟುಕೊಂಡು ಮಾತು ಶುರು ಮಾಡಿ. ಸಿಟ್ಟು ಇಳಿದ ಮೇಲೆ ಮೂವರಿಗೂ ನೋಡಲು ಏನಾದರೂ ಇರುತ್ತದೆ. ಹಾಸನಕ್ಕೆ ಈಗ ಏನೂ ಹೇಳಬೇಕಾಗಿಲ್ಲ.